ತುಳು ಲಿಪಿಗೆ ಯೂನಿಕೋಡ್ ಬಂತು, ತುಳು ಕವಿಗೆ ಏನು ಬಂತು?

2024ರಲ್ಲಿ ತುಳುವಿನ ಬಗ್ಗೆ ಎರಡು ದೊಡ್ಡ ಸುದ್ದಿ ಬಂದವು. ಜೂನ್‌ನಲ್ಲಿ ಗೂಗಲ್ ಟ್ರಾನ್ಸ್‌ಲೇಟ್ ಒಂದೇ ಸಲಕ್ಕೆ 110 ಭಾಷೆಗಳನ್ನು ಸೇರಿಸಿತು. ಅದರಲ್ಲಿ ತುಳುವೂ ಇತ್ತು. ಸೆಪ್ಟೆಂಬರ್‌ನಲ್ಲಿ ಯೂನಿಕೋಡ್‌ನ 16ನೇ ಆವೃತ್ತಿ ಹೊರಬಂತು. ಅದರಲ್ಲಿ ‘ತುಳು-ತಿಗಳಾರಿ’ ಲಿಪಿ ಇತ್ತು. ಮಂಗಳೂರು, ಉಡುಪಿಯ ಜನ ವಾಟ್ಸಾಪ್‌ನಲ್ಲಿ ಇದನ್ನು ಖುಷಿಯಿಂದ ಹಂಚಿಕೊಂಡರು. ತುಂಬಾ ಜನ ಹಂಚಿಕೊಂಡದ್ದು ‘ತುಳುವಿಗೆ ಮಾನ್ಯತೆ ಸಿಕ್ಕಿತು’ ಎನ್ನುವ ಸಾಲಿನ ಜೊತೆಗೆ.

ಹಾಗಾದರೆ ತುಳುವನ್ನು ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ, ಅಂದರೆ ಮಾನ್ಯತೆ ಪಡೆದ ಭಾಷೆಗಳ ಪಟ್ಟಿಗೆ ಸೇರಿಸಿ ಎಂಬ ಬೇಡಿಕೆ ಈಗಲೂ ಯಾಕೆ ಇದೆ? ತುಳುವನ್ನು ರಾಜ್ಯದ ಎರಡನೇ ಅಧಿಕೃತ ಭಾಷೆ ಮಾಡಿ ಎಂಬ ಮನವಿ ಯಾಕೆ ನಿಂತಿಲ್ಲ? ಓದುಗರಿಗೆ ಗೊಂದಲ ಆಗುವುದು ಸಹಜ.

ಈ ಗೊಂದಲ ಮೊದಲು ತಟ್ಟುವುದು ಕರಾವಳಿಯ ಕವಿಗಳಿಗೆ. ಇಲ್ಲಿ ಕವಿಯ ಜೊತೆ ಯಾರೇ ಮಾತಿಗೆ ಕೂತರೂ ಮೊದಲ ಪ್ರಶ್ನೆ ಭಾಷೆಯದ್ದೇ. ನಿಮ್ಮ ಮನೆಮಾತು ಯಾವುದು, ಕನ್ನಡದಲ್ಲಿ ಯಾಕೆ ಬರೆಯುತ್ತೀರಿ, ತುಳುವಿಗೆ ಮಾನ್ಯತೆ ಬೇಕಲ್ವಾ, ಕೊಂಕಣಿಗೆ ಯಾವ ಲಿಪಿ ಸರಿ. ಪದ್ಯ ಕಟ್ಟುವ ಕೆಲಸದ ಬಗ್ಗೆ ಕೇಳುವ ಹೊತ್ತಿಗೆ ಸಮಯ ಮುಗಿದಿರುತ್ತದೆ. ಇದಕ್ಕೆ ಕಾರಣಗಳಿವೆ, ಅವು ಸಣ್ಣವೂ ಅಲ್ಲ. ಅವನ್ನು ಒಂದೊಂದಾಗಿ ಬಿಡಿಸಿ ನೋಡೋಣ.

ಯೂನಿಕೋಡ್ ಕೊಟ್ಟದ್ದು ಏನು

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಪ್ರಪಂಚದ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಏರ್ಪಾಡು ಯೂನಿಕೋಡ್. ಇನ್ನು ಮುಂದೆ ತುಳು-ತಿಗಳಾರಿ ಅಕ್ಷರಗಳಿಗೂ ಅವುಗಳದ್ದೇ ಸಂಖ್ಯೆಗಳಿವೆ. ಫಾಂಟ್ ಮಾಡುವವರು, ಕೀಬೋರ್ಡ್ ಮಾಡುವವರು, ಹಸ್ತಪ್ರತಿಗಳನ್ನು ಡಿಜಿಟಲ್ ಮಾಡುವವರು ಒಂದೇ ನಿಯಮ ಹಿಡಿದು ಕೆಲಸ ಮಾಡಬಹುದು. ಇದು ನಿಜವಾದ ಲಾಭ, ವರ್ಷಗಳ ದುಡಿಮೆಯ ಫಲ.

ಆದರೆ ಇದು ಲಿಪಿಗೆ ಸಿಕ್ಕ ಜಾಗ. ಭಾಷೆಗೆ ಸರ್ಕಾರ ಕೊಡುವ ಸ್ಥಾನಕ್ಕೂ ಇದಕ್ಕೂ ಸಂಬಂಧವಿಲ್ಲ. ಯೂನಿಕೋಡ್ ಒಂದು ತಾಂತ್ರಿಕ ಸಂಸ್ಥೆ. ಯಾರೂ ಮಾತಾಡದ ಭಾಷೆಗಳ ಲಿಪಿಗಳೂ ಅದರಲ್ಲಿವೆ.

ಲಿಪಿಯ ಹೆಸರಿನ ನಡುವೆ ಒಂದು ಅಡ್ಡಗೆರೆ ಇದೆಯಲ್ಲ, ಅದರಲ್ಲೇ ಒಂದು ವಿವಾದ ಅಡಗಿದೆ. ಈ ಲಿಪಿ ಮಲಯಾಳಂ ಲಿಪಿಯ ಹಾಗೆ ಗ್ರಂಥ ಲಿಪಿಯ ಕವಲು. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಮುಖ್ಯವಾಗಿ ಬ್ರಾಹ್ಮಣರ ಮನೆಗಳಲ್ಲಿ, ಮಠಗಳಲ್ಲಿ ಇದು ಬಳಕೆಯಲ್ಲಿತ್ತು. ತಾಳೆಗರಿಗಳಲ್ಲಿ ಜಾಸ್ತಿ ಸಿಗುವುದು ಸಂಸ್ಕೃತ. ಕನ್ನಡ ಮತ್ತು ತುಳು ಕೃತಿಗಳೂ ಇವೆ. ವೆಂಕಟರಾಜ ಪುಣಿಂಚತ್ತಾಯರು ಹುಡುಕಿ ತೆಗೆದ ಶ್ರೀ ಭಾಗವತೊ, ಕಾವೇರಿಯಂಥ ಹಳೆಯ ತುಳು ಕಾವ್ಯಗಳು ಈ ಲಿಪಿಯಲ್ಲೇ ಇದ್ದವು. ಒಂದು ಕಡೆಯವರು ಇದನ್ನು ತುಳು ಲಿಪಿ ಎಂದರು, ಇನ್ನೊಂದು ಕಡೆಯವರು ತಿಗಳಾರಿ ಎಂದರು. ಕೊನೆಗೆ ಎರಡೂ ಹೆಸರು ಜೊತೆಯಾಗಿ ಉಳಿದವು. ತುಳು ಅಕಾಡೆಮಿ ಇವತ್ತು ಕಲಿಸುವ ಸರಳ ರೂಪಕ್ಕೂ ತಾಳೆಗರಿಯ ರೂಪಕ್ಕೂ ವ್ಯತ್ಯಾಸವಿದೆ ಎನ್ನುವುದು ಬೇರೆ ಮಾತು.

ಇಲ್ಲಿ ಒಂದು ವಿಷಯವನ್ನು ನೇರವಾಗಿ ಹೇಳಬೇಕು. ತುಳುವಿನ ಅತಿ ದೊಡ್ಡ ಕಾವ್ಯರಾಶಿ ಪಾಡ್ದನ, ಅಂದರೆ ಬಾಯಿಂದ ಬಾಯಿಗೆ ಬಂದ ಕಥೆಯ ಹಾಡುಗಳು. ಅದನ್ನು ಹಾಡಿದವರು ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಟ್ಟ ಹೆಂಗಸರು, ಭೂತ ಕಟ್ಟುವ ಸಮುದಾಯದವರು. ಅವರ ಕೈಗೆ ಈ ಲಿಪಿ ಯಾವತ್ತೂ ಬಂದಿರಲಿಲ್ಲ. ‘ನಮ್ಮ ಲಿಪಿ’ ಎನ್ನುವಾಗ ಆ ‘ನಮ್ಮ’ ಒಳಗೆ ಇವರೂ ಇದ್ದಾರೆಯೇ ಎಂದು ಕೇಳುವುದು ತುಳುವಿಗೆ ಮಾಡುವ ದ್ರೋಹವಲ್ಲ. ಕೇಳಲೇಬೇಕಾದ ಪ್ರಶ್ನೆ ಅದು.

ಮೂರು ಬೇರೆ ಬೇರೆ ಬಾಗಿಲುಗಳು

ಯೂನಿಕೋಡ್ ಬಿಟ್ಟರೆ ‘ಮಾನ್ಯತೆ’ ಎನ್ನುವ ಹೆಸರಿನಲ್ಲಿ ಮೂರು ವಿಷಯ ಕಲಸಿಹೋಗಿವೆ. ಒಂದಕ್ಕೊಂದು ಹತ್ತಿರದವು, ಆದರೆ ಬೇರೆ ಬೇರೆ.

ಮೊದಲನೆಯದು ರಾಜ್ಯದ ಅಧಿಕೃತ ಭಾಷೆ. ಸಂವಿಧಾನದ 345ನೇ ವಿಧಿಯ ಪ್ರಕಾರ ರಾಜ್ಯದಲ್ಲಿ ಬಳಕೆಯಲ್ಲಿರುವ ಒಂದು ಅಥವಾ ಹೆಚ್ಚು ಭಾಷೆಗಳನ್ನು ವಿಧಾನಮಂಡಲ ಅಧಿಕೃತ ಭಾಷೆ ಮಾಡಬಹುದು. ಕರ್ನಾಟಕದಲ್ಲಿ 1963ರ ಕಾಯ್ದೆಯಿಂದ ಆ ಸ್ಥಾನ ಕನ್ನಡಕ್ಕಿದೆ. ಎರಡನೇ ಭಾಷೆ ಸೇರಿಸಲು ಎಂಟನೇ ಪರಿಚ್ಛೇದದಲ್ಲಿ ಇರಲೇಬೇಕು ಎಂಬ ನಿಯಮ ಇಲ್ಲ. ತ್ರಿಪುರಾ 1979ರಲ್ಲೇ ಕೊಕ್‌ಬೊರೊಕ್‌ಗೆ ಅಧಿಕೃತ ಸ್ಥಾನ ಕೊಟ್ಟಿತು. ಆ ಭಾಷೆ ಇವತ್ತಿಗೂ ಎಂಟನೇ ಪರಿಚ್ಛೇದದಲ್ಲಿ ಇಲ್ಲ. ಇಲ್ಲಿ 2023ರ ಆರಂಭದಲ್ಲಿ ರಾಜ್ಯ ಸರ್ಕಾರ ಮೂಡುಬಿದಿರೆಯ ಡಾ. ಎಂ. ಮೋಹನ ಆಳ್ವರ ನೇತೃತ್ವದಲ್ಲಿ ಸಮಿತಿ ಮಾಡಿ ಈ ಬಗ್ಗೆ ವರದಿ ತರಿಸಿಕೊಂಡಿತು. ಅಂದರೆ ಈ ಬಾಗಿಲಿನ ಕೀಲಿಕೈ ಇರುವುದು ಬೆಂಗಳೂರಿನಲ್ಲಿ.

ಎರಡನೆಯದು ಎಂಟನೇ ಪರಿಚ್ಛೇದ. ಅದರಲ್ಲಿ ಈಗ 22 ಭಾಷೆಗಳಿವೆ. ಸೇರಿಸಲು ಸಂಸತ್ತು ಸಂವಿಧಾನ ತಿದ್ದಬೇಕು. ಕೊಂಕಣಿ ಸೇರಿದ್ದು 1992ರ 71ನೇ ತಿದ್ದುಪಡಿಯಲ್ಲಿ. ಬೋಡೊ, ಡೋಗ್ರಿ, ಮೈಥಿಲಿ, ಸಂತಾಲಿ ಸೇರಿದ್ದು 2003ರ ತಿದ್ದುಪಡಿಯಲ್ಲಿ. ಇಷ್ಟು ಜನ ಮಾತಾಡಿದರೆ ಸೇರಿಸುತ್ತೇವೆ ಎಂಬ ಅಳತೆಗೋಲು ಎಲ್ಲೂ ಇಲ್ಲ. ಮಾನದಂಡ ಮಾಡಲು 1996ರಲ್ಲಿ ಒಂದು, 2003ರಲ್ಲಿ ಒಂದು ಸಮಿತಿ ಬಂದವು. ತೀರ್ಮಾನ ಆಗಲಿಲ್ಲ. 2011ರ ಜನಗಣತಿಯಲ್ಲಿ ತುಳು ಮಾತಾಡುವವರು 18,46,427 ಮಂದಿ. ಬೋಡೊ ಮಾತಾಡುವವರಿಗಿಂತ ಇದು ಜಾಸ್ತಿ. ಆದರೂ ತುಳು ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಸಂಖ್ಯೆ ತೋರಿಸಿ ವಾದ ಗೆಲ್ಲಬಹುದು ಎಂದುಕೊಂಡವರು ಪ್ರತಿ ಸಲ ನಿರಾಶರಾಗುತ್ತಾರೆ. ತೀರ್ಮಾನ ಮಾಡುವುದು ರಾಜಕೀಯ ಒತ್ತಡ, ಮತ್ತು ತುಳುವಿನ ಹಾಗೆಯೇ ಕಾಯುತ್ತಿರುವ ಹತ್ತಾರು ಭಾಷೆಗಳ ಸಾಲು.

ಮೂರನೆಯದು ಕೇಂದ್ರ ಸಾಹಿತ್ಯ ಅಕಾಡೆಮಿ. ಕವಿಗೆ ನೇರವಾಗಿ ತಟ್ಟುವ ಬಾಗಿಲು ಇದೇ. ಅಕಾಡೆಮಿ 24 ಭಾಷೆಗಳಿಗೆ ವರ್ಷವೂ ಪ್ರಶಸ್ತಿ ಕೊಡುತ್ತದೆ. ಪರಿಚ್ಛೇದದ 22 ಭಾಷೆಗಳ ಜೊತೆ ಇಂಗ್ಲಿಷ್ ಮತ್ತು ರಾಜಸ್ಥಾನಿ ಇವೆ. ಅಂದರೆ ಪರಿಚ್ಛೇದದ ಹೊರಗಿನ ಭಾಷೆಯನ್ನೂ ಅಕಾಡೆಮಿ ಒಪ್ಪಬಹುದು. ಕೊಂಕಣಿಯನ್ನು ಅದು ಒಪ್ಪಿದ್ದು 1975ರಲ್ಲಿ, ಪರಿಚ್ಛೇದಕ್ಕೆ ಸೇರುವ 17 ವರ್ಷ ಮೊದಲು. ಉಳಿದ ಭಾಷೆಗಳಿಗೆ ‘ಭಾಷಾ ಸಮ್ಮಾನ್’ ಇದೆ. 1996ರಲ್ಲಿ ಅದು ಶುರುವಾದಾಗ ತುಳುವಿನಿಂದ ಮಂದಾರ ಕೇಶವ ಭಟ್ಟರಿಗೂ ಕೆ. ಜತ್ತಪ್ಪ ರೈಗಳಿಗೂ ಸಂದಿತು. ಮಂದಾರ ಕೇಶವ ಭಟ್ಟರು ತುಳುವಿನಲ್ಲಿ ರಾಮಾಯಣ ಬರೆದ ಕವಿ. ಆದರೆ ಅದು ಯಾವಾಗಲೋ ಒಮ್ಮೆ ಬರುವ ಗೌರವ. ಪ್ರತಿ ವರ್ಷದ ಪ್ರಶಸ್ತಿ ಬೇರೆ, ಅದರ ಜೊತೆ ಬರುವ ಅನುವಾದದ ಯೋಜನೆ, ಯುವ ಪುರಸ್ಕಾರ, ಬೇರೆ ಭಾಷೆಯ ಕವಿಗಳ ಜೊತೆಗಿನ ಓಡಾಟ ಬೇರೆ. ಮಂಗಳೂರಿನ ಒಬ್ಬ ಕೊಂಕಣಿ ಕವಿಗೂ ಅದೇ ಬೀದಿಯ ತುಳು ಅಥವಾ ಬ್ಯಾರಿ (ಕರಾವಳಿಯ ಮುಸ್ಲಿಮರ ಮನೆಮಾತು) ಕವಿಗೂ ಈ ವಿಷಯದಲ್ಲಿ ದೊಡ್ಡ ಅಂತರ ಬಿದ್ದಿದೆ. ಇಬ್ಬರೂ ಬರೆಯುವುದು ಮನೆಮಾತಿನಲ್ಲೇ. ಒಬ್ಬರ ಪುಸ್ತಕ ದೆಹಲಿಯ ಮೇಜಿಗೆ ಪ್ರತಿ ವರ್ಷ ಹೋಗಬಹುದು, ಇನ್ನೊಬ್ಬರದ್ದು ಹೋಗುವುದಿಲ್ಲ.

ರಾಜ್ಯ ಮಟ್ಟದಲ್ಲಿ ಪರಿಸ್ಥಿತಿ ಇಷ್ಟು ಕೆಟ್ಟದಾಗಿಲ್ಲ. ತುಳು ಮತ್ತು ಕೊಂಕಣಿ ಸಾಹಿತ್ಯ ಅಕಾಡೆಮಿಗಳು 1994ರಲ್ಲೇ ಬಂದವು. ಆಮೇಲೆ ಬ್ಯಾರಿಗೂ ಅಕಾಡೆಮಿ ಆಯಿತು.

ಕೊಂಕಣಿಯ ಅನುಭವ ಏನು ಹೇಳುತ್ತದೆ

ಮಾನ್ಯತೆ ಬಂದ ಮೇಲೆ ಏನಾಗುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಮಂಗಳೂರಿನ ಕೊಂಕಣಿಯನ್ನು ನೋಡಿದರೆ ಸಾಕು.

ಇಲ್ಲಿಯ ಕೊಂಕಣಿ ಕವಿಗಳ ಸಾಲು ಗಟ್ಟಿಯಾಗಿದೆ. 1912ರಲ್ಲಿ ಮಂಗಳೂರಿನಿಂದ ‘ಕೊಂಕ್ಣಿ ದಿರ್ವೆಂ’ ಪತ್ರಿಕೆ ಶುರು ಮಾಡಿದ ಲುವಿಸ್ ಮಸ್ಕರೇನ್ಹಸ್ ಕವಿಯೂ ಹೌದು. 1938ರಿಂದ ‘ರಾಕ್ಣೊ’ ವಾರಪತ್ರಿಕೆ ಇದೆ. ಜೆ. ಬಿ. ಮೊರಾಯಸ್, ಚಾ. ಫ್ರಾ. ದೆಕೋಸ್ತ, ಮೆಲ್ವಿನ್ ರೊಡ್ರಿಗಸ್ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿದೆ. ಭಾಷೆಗೆ ದೆಹಲಿಯಲ್ಲಿ ಜಾಗ ಇದ್ದದ್ದರಿಂದ ಇದು ಸಾಧ್ಯವಾಯಿತು ಎನ್ನುವುದರಲ್ಲಿ ಸಂಶಯವಿಲ್ಲ.

ಇನ್ನೊಂದು ಮುಖವೂ ಇದೆ. ಕರ್ನಾಟಕದಲ್ಲಿ ಕೊಂಕಣಿ ಬರೆಯುವವರ, ಓದುವವರ ಲಿಪಿ ಕನ್ನಡ. ಗೋವಾದಲ್ಲಿ 1987ರ ಕಾಯ್ದೆ ದೇವನಾಗರಿಯ ಕೊಂಕಣಿಯನ್ನು ಅಧಿಕೃತ ಮಾಡಿತು. ಅಲ್ಲೇ ರೋಮನ್ ಲಿಪಿಯಲ್ಲಿ ಬರೆಯುವ ದೊಡ್ಡ ಸಮುದಾಯ ಇದೆ. ಕೇಂದ್ರ ಅಕಾಡೆಮಿ ಒಪ್ಪಿದ್ದೂ ದೇವನಾಗರಿಯನ್ನೇ. ಹಾಗಾಗಿ ಮಂಗಳೂರಿನ ಕವಿ ಮೊದಲು ತನ್ನ ಓದುಗರಿಗಾಗಿ ಕನ್ನಡ ಲಿಪಿಯಲ್ಲಿ ಪುಸ್ತಕ ತರಬೇಕು. ಪ್ರಶಸ್ತಿಯ ಲೆಕ್ಕಕ್ಕೆ ಬರಬೇಕಾದರೆ ತನ್ನ ಊರಿನ ಓದುಗರಲ್ಲಿ ಹೆಚ್ಚಿನವರು ಕೊಂಕಣಿ ಓದಲು ಬಳಸದ ಲಿಪಿಯಲ್ಲಿ ಮತ್ತೊಮ್ಮೆ ಅಚ್ಚು ಮಾಡಿಸಬೇಕು. ಎರಡು ಖರ್ಚು, ಒಂದೇ ಕವಿತೆ. ಈ ಜಗಳಕ್ಕೆ ದಶಕಗಳಾದವು.

ಇದರ ಜೊತೆ ಒಳಗಿನ ವ್ಯತ್ಯಾಸಗಳಿವೆ. ಗೌಡ ಸಾರಸ್ವತ ಬ್ರಾಹ್ಮಣರ (ಜಿಎಸ್‌ಬಿ) ಮನೆಗಳ ಕೊಂಕಣಿ, ಕ್ರೈಸ್ತರ ಕೊಂಕಣಿ, ಕುಡುಬಿ ಸಮುದಾಯದ ಕೊಂಕಣಿ ಒಂದೇ ತರ ಇಲ್ಲ. ಪಠ್ಯಪುಸ್ತಕಕ್ಕೆ, ಪ್ರಶಸ್ತಿಗೆ ಒಂದು ರೂಪ ಆರಿಸಬೇಕಾಗುತ್ತದೆ. ಆರಿಸಿದ ಕೂಡಲೇ ಉಳಿದ ರೂಪಗಳಲ್ಲಿ ಬರೆಯುವವನ ಪದ್ಯ ‘ಪ್ರಾದೇಶಿಕ’ ಆಗಿಬಿಡುತ್ತದೆ. ಸಣ್ಣ ಭಾಷೆಗೆ ದೊಡ್ಡ ಭಾಷೆ ಮಾಡಿದ್ದನ್ನೇ ಸಣ್ಣ ಭಾಷೆ ತನ್ನೊಳಗಿನ ಇನ್ನೂ ಸಣ್ಣ ದನಿಗೆ ಮಾಡುವ ಅಪಾಯ ಇದು. ತುಳುವಿನಲ್ಲೂ ಉಡುಪಿಯ ಮಾತು, ಪುತ್ತೂರಿನ ಮಾತು, ಶಿವಳ್ಳಿ ಬ್ರಾಹ್ಮಣರ ತುಳು, ಕೊರಗ ಮತ್ತು ಮನ್ಸ ಸಮುದಾಯಗಳ ಮಾತು ಎಲ್ಲ ಬೇರೆ ಬೇರೆ ಇವೆ.

ಮನೆಮಾತು ಒಂದು, ಬರಹದ ಮಾತು ಇನ್ನೊಂದು

ಹಾಗಿದ್ದರೆ ಕರಾವಳಿಯ ಇಷ್ಟು ಕವಿಗಳು ಕನ್ನಡದಲ್ಲಿ ಯಾಕೆ ಬರೆದರು? ಈ ಪ್ರಶ್ನೆಗೆ ಈಗ ಆರೋಪದ ದನಿ ಬಂದಿದೆ. ಚರಿತ್ರೆ ನೋಡಿದರೆ ಆರೋಪ ನಿಲ್ಲುವುದಿಲ್ಲ.

ಮಂಜೇಶ್ವರ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ಮನೆಮಾತೂ ಕೊಂಕಣಿಯೇ. ಕಯ್ಯಾರ ಕಿಞ್ಞಣ್ಣ ರೈಗಳು ತುಳುವರು. ಮೂವರೂ ಕನ್ನಡದ ದೊಡ್ಡ ಕವಿಗಳು. ಆಗ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದ ಜಿಲ್ಲೆ. ಶಾಲೆಯ ಭಾಷೆ ಕನ್ನಡ, ಅಚ್ಚಿನ ಭಾಷೆಯೂ ಕನ್ನಡ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ 1841ರಲ್ಲಿ ಮುದ್ರಣಾಲಯ ತೆರೆದು, 1843ರಲ್ಲಿ ‘ಮಂಗಳೂರು ಸಮಾಚಾರ’ ತಂದಿತು. ತುಳುವಿಗೂ ಅದು ಬಹಳ ಕೆಲಸ ಮಾಡಿತು. ಮ್ಯಾನರ್ ಅವರ ತುಳು ನಿಘಂಟು 1886ರದ್ದು. ಆದರೆ ತುಳು ಪುಸ್ತಕ ಅಚ್ಚು ಮಾಡಿದ್ದು ಕನ್ನಡ ಅಕ್ಷರದಲ್ಲಿ. ಅಕ್ಷರ ಬಲ್ಲ ತುಳುವರಿಗೆಲ್ಲ ಗೊತ್ತಿದ್ದದ್ದು ಅದೇ. ಅಲ್ಲಿಂದ ಮುಂದೆ ತುಳುವಿಗೆ ಕನ್ನಡ ಲಿಪಿ ಖಾಯಂ ಆಯಿತು.

ಇನ್ನೊಂದು ಕಾರಣ ಯಕ್ಷಗಾನ. ಕುಂಬಳೆಯ ಪಾರ್ತಿಸುಬ್ಬನ ಕಾಲದಿಂದ ಪ್ರಸಂಗದ ಪದ್ಯ ಕನ್ನಡದ್ದು. ಮನೆಯಲ್ಲಿ ತುಳು ಆಡುವ ಸಾವಿರಾರು ಜನ ರಾತ್ರಿಯಿಡೀ ಕೂತು ಕೇಳುತ್ತಿದ್ದದ್ದು ಕನ್ನಡದ ಪದ್ಯ, ಕನ್ನಡದ ಅರ್ಥಗಾರಿಕೆ. ಅಕ್ಷರ ಬಾರದವನ ಕಿವಿಯಲ್ಲೂ ಕನ್ನಡ ಛಂದಸ್ಸು ಕೂತಿತ್ತು. ಆದ್ದರಿಂದ ಕರಾವಳಿಯ ಕವಿಗೆ ಕನ್ನಡ ಹೊರಗಿನಿಂದ ಹೇರಿದ ಭಾಷೆಯಾಗಿರಲಿಲ್ಲ. ಅದು ಅವನ ಕಲೆಯ ಭಾಷೆಯೇ ಆಗಿತ್ತು.

1956ರ ನವೆಂಬರ್ 1 ಇದಕ್ಕೆ ಇನ್ನೊಂದು ಗಂಟು ಹಾಕಿತು. ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂತು, ಕಾಸರಗೋಡು ಕೇರಳಕ್ಕೆ ಹೋಯಿತು. ಕಯ್ಯಾರರು ಜೀವನವಿಡೀ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಎಂದು ಹೋರಾಡಿದರು. ತುಳುವಿನಲ್ಲೂ ಬರೆದರು. 1997ರಲ್ಲಿ ಮಂಗಳೂರಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರೂ ಆದರು. ತುಳು ಕವಿಯೋ ಕನ್ನಡ ಕವಿಯೋ ಎಂಬ ಪ್ರಶ್ನೆಗೆ ಅವರ ಬದುಕಿನಲ್ಲಿ ಉತ್ತರ ಹುಡುಕಿದರೆ ಪ್ರಶ್ನೆಯೇ ಸರಿಯಿಲ್ಲ ಎಂದು ಗೊತ್ತಾಗುತ್ತದೆ. ತುಳು ಚಳವಳಿಯೂ ಅಷ್ಟೇ ಹಳೆಯದು. 1928ರಲ್ಲೇ ಎಸ್. ಯು. ಪಣಿಯಾಡಿಯವರು ಉಡುಪಿಯಲ್ಲಿ ತುಳು ಚಳವಳಿಗೆ ಬಲ ತುಂಬಿದ್ದರು. ಅಂದರೆ ಎರಡೂ ನಿಷ್ಠೆ ಒಂದೇ ಊರಿನಲ್ಲಿ, ಎಷ್ಟೋ ಸಲ ಒಬ್ಬನೇ ಮನುಷ್ಯನಲ್ಲಿ ಜೊತೆಗೇ ಬೆಳೆದವು.

ಈಗಿನ ವಾದಗಳು

ಇವತ್ತು ಕವಿಗಳ ನಡುವೆ ಕೇಳಿಸುವ ನಿಲುವುಗಳನ್ನು ಹೀಗೆ ಗುರುತಿಸಬಹುದು.

ಮನೆಮಾತಿನಲ್ಲೇ ಬರೆಯಬೇಕು ಎನ್ನುವವರ ವಾದ ಬಲವಾದದ್ದು. ಒಂದು ಭಾಷೆಯಲ್ಲಿ ಹೊಸ ಪದ್ಯ ಹುಟ್ಟದಿದ್ದರೆ ಅದು ಮಾರುಕಟ್ಟೆಯ ಮಾತಾಗಿ, ಹಾಸ್ಯದ ಮಾತಾಗಿ ಉಳಿಯುತ್ತದೆ. ತುಳು ನಾಟಕ, ಸಿನಿಮಾ ತುಂಬಿದ ಸಭಾಂಗಣದಲ್ಲಿ ನಡೆಯುತ್ತವೆ, ತುಳು ಕವನ ಸಂಕಲನ ಮಾತ್ರ ಬಿಡುಗಡೆಯ ದಿನವೇ ಮರೆತುಹೋಗುತ್ತದೆ. ಶಾಲೆಯಲ್ಲಿ ಭಾಷೆ ಇದ್ದರೆ ಓದುಗರು ಹುಟ್ಟುತ್ತಾರೆ, ಅದಕ್ಕೆ ಮಾನ್ಯತೆ ಬೇಕು ಎನ್ನುತ್ತಾರೆ ಇವರು.

ಕನ್ನಡದಲ್ಲಿ ಬರೆಯುವವರ ವಾದ ಬೇರೆ. ಓದುಗ ಬಳಗ ದೊಡ್ಡದು, ಹಿಂದೆ ಸಾವಿರ ವರ್ಷದ ಕಾವ್ಯ ಇದೆ. ಕರಾವಳಿಯ ದನಿ ಕನ್ನಡದ ಒಳಗೇ ಕೇಳಿಸಬಹುದು. ಉಡುಪಿಯ ವೈದೇಹಿಯವರ ಬರಹದಲ್ಲಿ ಕುಂದಾಪ್ರ ಕನ್ನಡ ಕೇಳುವ ರೀತಿ ನೋಡಿದವರು ಇದನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ.

ಇನ್ನು ಕೆಲವರಿಗೆ ಸಮುದಾಯದ ಮಾತೇ ಭಾರ. ಬ್ಯಾರಿ ಕವಿ ಎಂದ ಕೂಡಲೇ ಮುಸ್ಲಿಂ ಸಮಾಜದ ಪ್ರತಿನಿಧಿಯಾಗಿ ಮಾತಾಡಿ ಎನ್ನುತ್ತಾರೆ. ಕೊಂಕಣಿ ಕವಿ ಕ್ರೈಸ್ತನಾದರೆ ಚರ್ಚಿನ ಬಗ್ಗೆ ಕೇಳುತ್ತಾರೆ. ದಲಿತ ಕವಿಗೆ ಭೂತಾರಾಧನೆಯ ಪ್ರಶ್ನೆ ಗ್ಯಾರಂಟಿ. ಕರಾವಳಿಯಲ್ಲಿ ಕೋಮು ಜಗಳ ಬಿಸಿಯಾಗಿರುವಾಗ ಈ ಪ್ರಶ್ನೆಗಳ ಹಿಂದೆ ಭಯವೂ ಇರುತ್ತದೆ, ಒಳ್ಳೆಯ ಉದ್ದೇಶವೂ ಇರುತ್ತದೆ. ಆದರೆ ಪ್ರಶ್ನೆ ಕೇಳಿದವರು ಕವಿಯಿಂದ ಸಮುದಾಯದ ಹೇಳಿಕೆ ಪಡೆದು ಹೋಗುತ್ತಾರೆ, ಕವಿತೆಯನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಮೊಗೇರಿ ಗೋಪಾಲಕೃಷ್ಣ ಅಡಿಗರಂಥ ಕವಿಯ ಬಗ್ಗೆ ನಡೆದ ಚರ್ಚೆ ನೋಡಿ. ಲಯ, ಪ್ರತಿಮೆ, ನವ್ಯದ ಕಟ್ಟೋಣ ಇದರ ಬಗ್ಗೆ ಪುಟಗಟ್ಟಲೆ ಇದೆ. ಅದೇ ಗಮನ ತುಳು, ಬ್ಯಾರಿ, ಕೊಂಕಣಿ ಪದ್ಯಕ್ಕೆ ಸಿಕ್ಕಿಲ್ಲ. ಇದು ಅನ್ಯಾಯ ಎಂದೇ ನಾನು ಹೇಳುತ್ತೇನೆ.

ಕಸುಬಿನ ಪ್ರಶ್ನೆ ಯಾಕೆ ಮುಖ್ಯ

ಕಸುಬಿನ ಬಗ್ಗೆ ಕೇಳಿದರೆ ಗುರುತಿನ ಪ್ರಶ್ನೆ ತಪ್ಪಿಹೋಗುವುದಿಲ್ಲ. ಇನ್ನೂ ಆಳಕ್ಕೆ ಹೋಗುತ್ತದೆ.

ಒಂದು ಉದಾಹರಣೆ. ತುಳುವಿನಲ್ಲಿ ‘ಯಾನ್ ಬರ್ಪೆ’ ಎಂದರೆ ನಾನು ಬರುತ್ತೇನೆ. ‘ಆಯೆ ಬರ್ಪೆ’ ಎಂದರೆ ಅವನು ಬರುತ್ತಾನೆ. ಬಾಯಲ್ಲಿ ಹೇಳುವಾಗ ಕೊನೆಯ ಸ್ವರ ಬೇರೆ ಬೇರೆ. ಮೊದಲನೆಯದರಲ್ಲಿ ಬಾಯಿ ಹೆಚ್ಚು ತೆರೆಯುತ್ತದೆ. ಕನ್ನಡ ಲಿಪಿಯಲ್ಲಿ ಎರಡೂ ಒಂದೇ. ಗದ್ಯದಲ್ಲಿ ಮುಂದೆ ‘ಯಾನ್’ ಅಥವಾ ‘ಆಯೆ’ ಇರುವುದರಿಂದ ತೊಂದರೆ ಇಲ್ಲ. ಪದ್ಯದಲ್ಲಿ ಕವಿ ಕರ್ತೃವನ್ನು ಬಿಟ್ಟರೆ ಬರುತ್ತಿರುವುದು ಯಾರು ಎಂದು ಪುಟ ಹೇಳುವುದಿಲ್ಲ, ಕಿವಿ ಮಾತ್ರ ಹೇಳುತ್ತದೆ. ಹೀಗಾಗಿ ತುಳು ಕವಿ ಪುಟಕ್ಕಾಗಿ ಬರೆಯುವಾಗ ಒಂದು ರೀತಿ, ಕವಿಗೋಷ್ಠಿಯಲ್ಲಿ ಓದಲು ಬರೆಯುವಾಗ ಇನ್ನೊಂದು ರೀತಿ ಯೋಚಿಸಬೇಕಾಗುತ್ತದೆ. ಲಿಪಿ ಬದಲಾದ ಮಾತ್ರಕ್ಕೆ ಇದು ತಾನಾಗಿ ಬಗೆಹರಿಯುವುದೂ ಇಲ್ಲ. ಆ ಸ್ವರಕ್ಕೆ ಬೇರೆ ಗುರುತು ಬೇಕು ಎಂದು ಬರೆಯುವವರೆಲ್ಲ ಒಪ್ಪಬೇಕು. ಕನ್ನಡ ಲಿಪಿಯಲ್ಲೂ ಹಾಗೆ ಒಪ್ಪಿಕೊಳ್ಳಲು ಅಡ್ಡಿ ಇಲ್ಲ.

ಗೋವಿಂದ ಪೈಗಳು 1911ರ ಹೊತ್ತಿಗೆ ಪ್ರತಿ ಸಾಲಿನ ಎರಡನೇ ಅಕ್ಷರದ ಪ್ರಾಸ ಬಿಟ್ಟರು. ಆಗ ಅದಕ್ಕೆ ದೊಡ್ಡ ವಿರೋಧ ಬಂತು. ಅದಕ್ಕೂ ಮೊದಲು ನಂದಳಿಕೆಯ ಮುದ್ದಣ, ಅಂದರೆ ಲಕ್ಷ್ಮೀನಾರಣಪ್ಪ, ‘ಶ್ರೀರಾಮಾಶ್ವಮೇಧ’ ಬರೆದು ಅದು ಯಾರೋ ಹಳೆಯ ಕವಿಯದ್ದು ಎಂಬಂತೆ ಮೈಸೂರಿಗೆ ಕಳಿಸಿದ. ಉಡುಪಿಯ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದವನ ಹೆಸರಿಗೆ ಬೆಲೆ ಸಿಗುವುದಿಲ್ಲ ಎಂಬ ಅಳುಕು ಅವನಿಗಿತ್ತು. ಗುರುತನ್ನು ಮುಚ್ಚಿಟ್ಟು ಕಸುಬನ್ನು ಮುಂದಿಟ್ಟ ಕವಿ ಅವನು. 1901ರಲ್ಲಿ, 31ನೇ ವಯಸ್ಸಿಗೆ ತೀರಿಹೋದ.

ಮಾಚಾರಿನ ಆರು ದಿನ

ಕವಿಯ ಜೊತೆ ಹೇಗೆ ಮಾತಾಡಬೇಕು ಎಂಬುದಕ್ಕೆ ಅತ್ಯುತ್ತಮ ಮಾದರಿ ನಮ್ಮಲ್ಲೇ ಇದೆ. ಅದು ಅಚ್ಚಾದ ಕವಿಯ ಜೊತೆ ನಡೆದದ್ದಲ್ಲ.

ಬೆಳ್ತಂಗಡಿ ತಾಲೂಕಿನ ಮಾಚಾರಿನಲ್ಲಿ ಗೋಪಾಲ ನಾಯ್ಕ ಎಂಬ ಕೃಷಿಕರಿದ್ದರು. ಸಿರಿ ಪಾಡ್ದನದ ದೊಡ್ಡ ಹಾಡುಗಾರ. 1990ರ ಡಿಸೆಂಬರ್‌ನಲ್ಲಿ ಫಿನ್‌ಲ್ಯಾಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ಅವರ ಪತ್ನಿ ಅನೇಲಿ, ನಮ್ಮ ಬಿ. ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರು ಅವರ ಹಾಡನ್ನು ದಾಖಲಿಸಿದರು. ಆರು ದಿನ ಹಾಡಿದರು ನಾಯ್ಕರು. 1998ರಲ್ಲಿ ಅದು ಪುಸ್ತಕವಾಗಿ ಬಂದಾಗ ಲೆಕ್ಕ ಸಿಕ್ಕಿದ್ದು 15,683 ಸಾಲು.

ಕಥೆ ಗೊತ್ತಿದ್ದವರಿಗೆ ಗೊತ್ತು. ಸತ್ಯನಾಪುರದ ಬೆರ್ಮಾಳ್ವನ ಮನೆಯ ಸಿರಿ ತನ್ನನ್ನು ಮೋಸ ಮಾಡಿದ ಗಂಡನನ್ನು ತಾನೇ ಬಿಟ್ಟು ಹೊರಡುತ್ತಾಳೆ. ಮಗ ಕುಮಾರ, ಮಗಳು ಸೊನ್ನೆ, ಚೆನ್ನೆಮಣೆ ಆಟದಲ್ಲಿ ಜಗಳವಾಡುವ ಮೊಮ್ಮಕ್ಕಳು ಅಬ್ಬಗ-ದಾರಗ, ಹೀಗೆ ಹೆಂಗಸರ ಮೂರು ತಲೆಮಾರಿನ ಕಥೆ ಅದು. ಅದನ್ನು ಅಷ್ಟು ಉದ್ದಕ್ಕೆ ಹಾಡಿದವರು ಒಬ್ಬ ಗಂಡಸು. ಸಿರಿ ಜಾತ್ರೆಯಲ್ಲಿ ಅವರು ಕುಮಾರನಾಗಿ ಹೆಂಗಸರ ಗುಂಪನ್ನು ನಡೆಸುತ್ತಿದ್ದರು.

ಹೊಂಕೊ ಅವರ ತಂಡ ಕೇಳಿದ್ದು ಕಸುಬಿನ ಪ್ರಶ್ನೆಗಳನ್ನು. ಇಷ್ಟು ಸಾಲು ತಲೆಯಲ್ಲಿ ಹೇಗೆ ಉಳಿಯುತ್ತದೆ? ಬಾಯಿಪಾಠವೇ? ಹಾಡುವಾಗ ಏನು ಹಿಗ್ಗುತ್ತದೆ, ಏನು ಕುಗ್ಗುತ್ತದೆ? ಅವರಿಗೆ ಸಿಕ್ಕ ಉತ್ತರ ಜಗತ್ತಿನ ಮಹಾಕಾವ್ಯಗಳ ಅಧ್ಯಯನಕ್ಕೇ ಹೊಸ ದಾರಿ ತೋರಿಸಿತು. ಹಾಡುಗಾರ ಪದಪದವನ್ನು ಬಾಯಿಪಾಠ ಮಾಡಿರುವುದಿಲ್ಲ. ಕಥೆಯ ಎಳೆ, ಮತ್ತೆ ಮತ್ತೆ ಬರುವ ಸನ್ನಿವೇಶಗಳು, ಸಿದ್ಧವಾದ ಸಾಲುಗಳು ಅವನ ಮನಸ್ಸಿನಲ್ಲಿ ಇರುತ್ತವೆ. ದಾರಿ ನಡೆಯುವುದು, ಸಿಂಗಾರ ಮಾಡಿಕೊಳ್ಳುವುದು, ಬಂದವರನ್ನು ಉಪಚರಿಸುವುದು, ಇವನ್ನೆಲ್ಲ ಕೇಳುವವರ ತಾಳ್ಮೆ ನೋಡಿ ಉದ್ದ ಮಾಡಬಹುದು, ಚಿಕ್ಕದೂ ಮಾಡಬಹುದು. ಮನಸ್ಸಿನಲ್ಲಿರುವ ಆ ಪಠ್ಯದಿಂದ ಪ್ರತಿ ಸಲವೂ ಹೊಸ ಹಾಡು ಹೊರಡುತ್ತದೆ.

ಇನ್ನೂ ಒಂದು ವಿಷಯ ಹೊರಬಂತು. ಜಾತ್ರೆಯ ರಾತ್ರಿ ಇಡೀ ಕಥೆಯನ್ನು ಯಾರೂ ಮೊದಲಿನಿಂದ ಕೊನೆಯವರೆಗೆ ಹಾಡುವುದಿಲ್ಲ. ಅಲ್ಲಿ ಸಿರಿ ಮೈಮೇಲೆ ಬಂದ ಹೆಂಗಸರು ಮತ್ತು ಕುಮಾರನ ನಡುವೆ ತುಂಡು ತುಂಡಾಗಿ ಮಾತು, ಹಾಡು ನಡೆಯುತ್ತದೆ. ಅದರ ಹಿಂದೆ ಮನೆಯಲ್ಲಿ ಹೇಳಲಾಗದ ದುಃಖವನ್ನು ಹೇಳಿಕೊಳ್ಳುವ ಹೆಂಗಸರಿದ್ದಾರೆ. ಗದ್ದೆಯಲ್ಲಿ ಕೆಲಸಕ್ಕೆ ತಕ್ಕ ಹಾಡು ಬೇರೆ. ಕೇಳುವವರು ಕೂತು ಬರೆದುಕೊಳ್ಳುವಾಗ ಹಾಡಿದ 15,683 ಸಾಲು ಬೇರೆ. ಒಬ್ಬನೇ ಕವಿ, ಮೂರು ಸಂದರ್ಭ, ಮೂರು ರೂಪ. ಕಸುಬು, ಗುರುತು, ಸಮುದಾಯ ಮೂರೂ ಇಲ್ಲಿ ಒಟ್ಟಿಗೇ ಸಿಕ್ಕವು. ಯಾಕೆಂದರೆ ಕೇಳಿದವರು ಹಾಡಿನಿಂದ ಶುರು ಮಾಡಿದರು.

ಇಂಥ ತಾಳ್ಮೆಯ ಕೆಲಸಕ್ಕೆ ಉಡುಪಿಯಲ್ಲಿ ಇನ್ನೊಂದು ಸಾಕ್ಷಿ ಇದೆ. ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಆರು ಸಂಪುಟಗಳ ತುಳು ನಿಘಂಟು 1988ರಿಂದ 1997ರ ನಡುವೆ ಬಂತು. ಆಗ ತುಳುವಿಗೆ ಯೂನಿಕೋಡ್ ಇರಲಿಲ್ಲ, ಪರಿಚ್ಛೇದದ ಮಾನ್ಯತೆಯೂ ಇರಲಿಲ್ಲ.

ಮುಂದೆ ಏನಾಗಬಹುದು

ರಾಜ್ಯದ ಎರಡನೇ ಅಧಿಕೃತ ಭಾಷೆಯಾದರೆ ಮೊದಲು ಬದಲಾಗುವುದು ಬೋರ್ಡು, ಅರ್ಜಿ, ಶಾಲೆ. ಶಾಲೆಯಲ್ಲಿ ತುಳು ಈಗಲೂ ಮೂರನೇ ಭಾಷೆಯಾಗಿ ಕಲಿಯಲು ಅವಕಾಶ ಇದೆ. ಅದು ಬಲವಾದರೆ ಹತ್ತು ಹದಿನೈದು ವರ್ಷದಲ್ಲಿ ತುಳು ಪದ್ಯ ಓದುವ ಅಭ್ಯಾಸ ಇರುವ ಒಂದು ಪೀಳಿಗೆ ಬರಬಹುದು. ಕವಿಗೆ ಇದು ಪ್ರಶಸ್ತಿಗಿಂತ ದೊಡ್ಡ ಲಾಭ.

ಎಂಟನೇ ಪರಿಚ್ಛೇದಕ್ಕೆ ಸೇರಿದರೆ ದುಡ್ಡು, ಪ್ರಶಸ್ತಿ, ಅನುವಾದ ಬರುತ್ತವೆ. ಕೊಂಕಣಿ ಕವಿಗಳಿಗೆ ಬಂದ ಹಾಗೆ. ಜೊತೆಗೆ ಲಿಪಿಯ ಪ್ರಶ್ನೆಯೂ ಅದೇ ದಿನ ಬಾಗಿಲಿಗೆ ಬರುತ್ತದೆ.

ಗೂಗಲ್ ಅನುವಾದದ ಪರಿಣಾಮವನ್ನು ಬೇರೆಯಾಗಿ ನೋಡಬೇಕು. ಯಂತ್ರ ಕಲಿಯುವುದು ಸಿಕ್ಕ ಬರಹದಿಂದ. ತುಳುವಿನ ಬರಹ ಇಂಟರ್‌ನೆಟ್ಟಿನಲ್ಲಿ ಕಡಿಮೆ, ಪಾಡ್ದನದ ಭಾಷೆ ಅದರಲ್ಲಿ ಇನ್ನೂ ಕಡಿಮೆ. ಹಾಗಾಗಿ ಯಂತ್ರದ ತುಳು ಪೇಟೆಯ ತುಳುವಿನ ಕಡೆಗೆ ವಾಲುವ ಸಾಧ್ಯತೆ ಜಾಸ್ತಿ. ಅದನ್ನು ಸರಿಮಾಡಬೇಕಾದರೆ ಹಾಡುಗಾರರ ದಾಖಲೆಗಳು ಅಕ್ಷರಕ್ಕೆ ಬರಬೇಕು. ದಾಖಲೆ ಮಾಡಲು ಸಮಯವೂ ಕಡಿಮೆ ಇದೆ. ನೇಜಿ ನೆಡುವ ಗದ್ದೆಗಳು ಅಡಿಕೆ ತೋಟ ಆಗುತ್ತಿವೆ, ನಾಟಿಗೆ ಯಂತ್ರ ಬಂದಿದೆ. ಹಾಡು ಗೊತ್ತಿರುವ ಅಜ್ಜಿಯರಿಗೆ ಅದನ್ನು ಹಾಡುವ ಸಂದರ್ಭವೇ ಇಲ್ಲ. ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದು ಸುಲಭ ಆಗಿರುವ ಈ ಕಾಲದಲ್ಲಿ ಅವರನ್ನು ಕವಿಗಳೆಂದೇ ಒಪ್ಪಿ, ಹೆಸರು ಹಾಕಿ, ಅವರ ಒಪ್ಪಿಗೆ ಪಡೆದು, ಕಸುಬಿನ ಪ್ರಶ್ನೆ ಕೇಳಿ ದಾಖಲಿಸುವ ಕೆಲಸಕ್ಕೆ ಯಾವ ತಿದ್ದುಪಡಿಯೂ ಬೇಕಿಲ್ಲ.

ಲಿಪಿಯ ವಿಷಯದಲ್ಲಂತೂ ಈಗಲೇ ತೀರ್ಮಾನ ಮಾಡಬಹುದು. ತುಳು-ತಿಗಳಾರಿ ಕಲಿಯುವವರು ಕಲಿಯಲಿ, ಹಳೆಯ ತಾಳೆಗರಿಗಳನ್ನು ಓದುವವರು ನಮಗೆ ಬೇಕೇ ಬೇಕು. ಆದರೆ ಪ್ರಶಸ್ತಿಗೆ, ಪಠ್ಯಕ್ಕೆ, ಕವಿಗೋಷ್ಠಿಯ ಆಯ್ಕೆಗೆ ಎರಡೂ ಲಿಪಿಯ ತುಳು ಸಮಾನ ಎಂದು ತುಳು ಅಕಾಡೆಮಿ ಮೊದಲೇ ಲಿಖಿತವಾಗಿ ಘೋಷಿಸಬೇಕು. ದೆಹಲಿಯ ಬಾಗಿಲು ತೆರೆದ ಮೇಲೆ ಈ ಮಾತು ಶುರು ಮಾಡಿದರೆ, ಕನ್ನಡ ಲಿಪಿಯಲ್ಲಿ ನೂರು ವರ್ಷದಿಂದ ಬಂದಿರುವ ತುಳು ಪದ್ಯವೆಲ್ಲ ಮತ್ತೆ ಅರ್ಜಿ ಹಾಕಿ ನಿಲ್ಲಬೇಕಾಗುತ್ತದೆ.